ಲ್ಯಾಂಪ್ಸ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಸೂಪರ್ ಕಂಪ್ಯೂಟರಿನಲ್ಲಿ ಕಣಗಳ ಸಿಮ್ಯುಲೇಶನ್ ಅಂದರೆ ನನ್ನ ಮೊದಲ ಆಯ್ಕೆ ಇಂದಿಗೂ ಲ್ಯಾಂಪ್ಸ್ (LAMMPS), ಪರಮಾಣುಗಳ ಚಲನೆಯನ್ನು ಸಣ್ಣ ಸಣ್ಣ ಸ್ಟೆಪ್ಪುಗಳಲ್ಲಿ ಲೆಕ್ಕ ಹಾಕುವ ತಂತ್ರಾಂಶ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಕೂಸು ಇದು. ಇದರ ಮೂಲ ಕರ್ತೃಗಳಲ್ಲೊಬ್ಬರಾದ ಸ್ಟೀವ್ ಪ್ಲಿಂಪ್ಟನ್ 1995ರ ಪ್ರಬಂಧದಲ್ಲಿ ಕೆಲಸವನ್ನು ಹಲವು ಪ್ರೊಸೆಸರುಗಳಿಗೆ ಹಂಚುವ ಮೂರು ದಾರಿಗಳನ್ನು ತೂಗಿ ನೋಡಿದ್ದರು: ಪರಮಾಣುಗಳನ್ನು ಹಂಚುವುದು, ಬಲಗಳ ಲೆಕ್ಕವನ್ನು ಹಂಚುವುದು, ಜಾಗವನ್ನೇ ಹಂಚುವುದು. ಲ್ಯಾಂಪ್ಸ್ ಹಿಡಿದದ್ದು ಮೂರನೆಯದನ್ನು. ಪರಮಾಣುಗಳಿರುವ ಬಾಕ್ಸನ್ನು ತುಂಡು ಮಾಡಿ ಪ್ರೊಸೆಸರಿನ ಪ್ರತಿ ಕೋರಿಗೊಂದು ಕೊಡುತ್ತದೆ; ಅಂಚಿನಾಚೆಯ ಪರಮಾಣುಗಳ ನಕಲು, ಅಂದರೆ ಘೋಸ್ಟ್‌ಗಳು, ಪ್ರತಿ ಸ್ಟೆಪ್ಪಿಗೂ ಪಕ್ಕದ ಕೋರುಗಳಿಂದ ಬರಬೇಕು.

ಅದರ ಶಕ್ತಿಯೂ ಮಿತಿಯೂ ಇಲ್ಲೇ ಇದೆ. ಲೆನಾರ್ಡ್-ಜೋನ್ಸ್ ದ್ರವ (ಪರಮಾಣು ಜೋಡಿಗಳ ನಡುವೆ ಸರಳ ಬಲಸೂತ್ರವಿರುವ ಮಾದರಿ ದ್ರವ) ತೆಗೆದುಕೊಳ್ಳಿ, ಅದರದೇ ಏಕಮಾನಗಳಲ್ಲಿ: ಸಾಂದ್ರತೆ 0.8442, ಕಟಾಫ್ (ಬಲ ಲೆಕ್ಕಿಸುವ ಗರಿಷ್ಠ ದೂರ) 2.5, ಸ್ಕಿನ್ (ಅದರಾಚೆಯ ಹೆಚ್ಚುವರಿ ಅಂಚು) 0.3. ಕೋರಿಗೆ 32,000 ಪರಮಾಣು ಇದ್ದರೆ ಘೋಸ್ಟ್‌ಗಳು ಸುಮಾರು 19,000. ಕೋರಿಗೆ 250 ಮಾತ್ರ ಉಳಿಯುವಷ್ಟು ಕೋರು ಸೇರಿಸಿದರೆ ಘೋಸ್ಟ್‌ಗಳು ಸುಮಾರು 1,300, ಸ್ವಂತದ್ದರ ಐದು ಪಟ್ಟು! ಅಲ್ಲಿಂದ ಮುಂದೆ ನೋಡ್ (ಹಲವು ಕೋರುಗಳಿರುವ ಒಂದು ಯಂತ್ರ) ಹೆಚ್ಚಿಸಿದರೆ ಜಾಬ್ ಕ್ಯೂನಲ್ಲಿ ಕಾಯುವುದಷ್ಟೇ ಹೆಚ್ಚುತ್ತದೆ.

ಲಾಗ್ ಫೈಲಿನ ಕೊನೆಯ ಸಮಯದ ಪಟ್ಟಿಯನ್ನು ಓದದೆ ದೊಡ್ಡ ಜಾಬ್ ಹಾಕಬೇಡಿ. ‘ಕಾಮ್’ (ಕೋರುಗಳ ನಡುವಿನ ಸಂವಹನ) ಸಾಲಿನ ಸಮಯ ಹೆಚ್ಚಿದೆಯೆಂದು ನೆಟ್‌ವರ್ಕನ್ನು ದೂರುವವರೇ ಜಾಸ್ತಿ. ಮೊದಲು ‘ಪೇರ್’ (ಜೋಡಿ ಬಲಗಳ ಲೆಕ್ಕ) ಸಾಲಿನ ಕನಿಷ್ಠ, ಗರಿಷ್ಠ ಸಮಯ ನೋಡಿ. ಎರಡರ ನಡುವೆ ಭಾರಿ ಅಂತರವಿದ್ದರೆ ಕೆಲವು ಕೋರು ದುಡಿಯುತ್ತಿವೆ, ಉಳಿದವು ಕಾಯುತ್ತಿವೆ. ಕಾದ ಹೊತ್ತೂ ‘ಕಾಮ್’ ಲೆಕ್ಕಕ್ಕೇ ಬೀಳುತ್ತದೆ. ಎಲ್ಲ ಕೋರುಗಳನ್ನೂ ಹೊಂದಿಸಿಕೊಂಡು ಸಮಯ ಅಳೆಯುವ ‘ಟೈಮರ್ ಸಿಂಕ್’ ಹಾಕಿ ಒಂದು ಸಣ್ಣ ರನ್ ಮಾಡಿದರೆ ಸತ್ಯ ಹೊರಬರುತ್ತದೆ. ಮೇಲೆ ಅರ್ಧ ನಿರ್ವಾತವಿರುವ ಸ್ಲ್ಯಾಬ್‌ಗಳಲ್ಲಿ (ಪರಮಾಣುಗಳ ಪದರಗಳಲ್ಲಿ) ಈ ಅಸಮತೋಲನ ತಪ್ಪಿದ್ದಲ್ಲ. ‘ಪ್ರೊಸೆಸರ್ಸ್’ ಆಜ್ಞೆಯಲ್ಲಿ ಝಡ್ ದಿಕ್ಕಿಗೆ 1 ಕೊಟ್ಟರೆ, ಅಂದರೆ ಮೇಲೆ-ಕೆಳಗೆ ತುಂಡು ಮಾಡದಿದ್ದರೆ, ಬಹುಪಾಲು ಸರಿಹೋಗುತ್ತದೆ. ಆಕಾರ ಅಡ್ಡಾದಿಡ್ಡಿ ಇದ್ದರೆ ಭಾರವನ್ನು ಮರುಹಂಚುವ ‘ಫಿಕ್ಸ್ ಬ್ಯಾಲೆನ್ಸ್’ ಆಜ್ಞೆಯ, ಬಾಕ್ಸನ್ನು ಮತ್ತೆ ಮತ್ತೆ ಎರಡಾಗಿ ಸೀಳುವ ಆರ್‌ಸಿಬಿ ಬೇಕು, ಅದಕ್ಕೆ ‘ಕಾಮ್ ಸ್ಟೈಲ್ ಟೈಲ್ಡ್’ ಆಜ್ಞೆ ಕಡ್ಡಾಯ.

ಲಾಗ್‌ನಲ್ಲಿ ‘ಡೇಂಜರಸ್ ಬಿಲ್ಡ್ಸ್’ ಸೊನ್ನೆಗಿಂತ ಹೆಚ್ಚಿದ್ದರೆ ನೆರೆಪಟ್ಟಿ (ಪ್ರತಿ ಪರಮಾಣುವಿನ ಅಕ್ಕಪಕ್ಕದವುಗಳ ಪಟ್ಟಿ) ತಡವಾಗಿ ಹೊಸದಾಗಿರಬಹುದು, ಬಲಗಳ ಲೆಕ್ಕವನ್ನು ನಂಬುವಂತಿಲ್ಲ. ಹಳೆಯ ಆವೃತ್ತಿಗಳಲ್ಲಿ ‘ಡಿಲೇ’ (ಪಟ್ಟಿಯನ್ನು ಹೊಸದು ಮಾಡುವ ಮುನ್ನ ಕಾಯುವ ಸ್ಟೆಪ್ಪುಗಳು) ತಾನಾಗಿಯೇ 10 ಇರುತ್ತಿತ್ತು. ಅದನ್ನು 0 ಮಾಡಿ, ‘ಎವ್ರಿ’ (ಎಷ್ಟು ಸ್ಟೆಪ್ಪಿಗೊಮ್ಮೆ) 1 ಇಡಿ, ಪರಮಾಣುಗಳು ಸಾಕಷ್ಟು ಸರಿದಿವೆಯೇ ಎಂದು ನೋಡುವ ‘ಚೆಕ್ ಯೆಸ್’ ಇರಲಿ. ‘ಲಾಸ್ಟ್ ಆಟಮ್ಸ್’ (ಪರಮಾಣುಗಳು ಕಳೆದುಹೋದವು) ಎಂಬ ದೋಷ ಬಂದಾಗ ‘ಇಗ್ನೋರ್’ ಕೊಟ್ಟು ಬಾಯಿ ಮುಚ್ಚಿಸುವುದು ದೊಡ್ಡ ತಪ್ಪು. ಟೈಮ್‌ಸ್ಟೆಪ್ ದೊಡ್ಡದಿರುತ್ತದೆ, ಇಲ್ಲವೇ ಆರಂಭದಲ್ಲೇ ಪರಮಾಣುಗಳು ಒಂದರ ಮೇಲೊಂದು ಕೂತಿರುತ್ತವೆ. ಮೊದಲು ‘ಮಿನಿಮೈಸ್’ ಮಾಡಿ, ಅಂದರೆ ಶಕ್ತಿಯನ್ನು ತಗ್ಗಿಸಿ.

ವಿದ್ಯುದಾವೇಶದ ವ್ಯವಸ್ಥೆಗಳಲ್ಲಿ ಮಾತ್ರ ನಿರಾಸೆ. ದೂರದ ವಿದ್ಯುತ್ ಬಲಗಳನ್ನು ಗ್ರಿಡ್ ಮೇಲೆ ಲೆಕ್ಕಿಸುವ ಪಿಪಿಪಿಎಂ ವಿಧಾನದ ಫೋರಿಯರ್ ಪರಿವರ್ತನೆ, ಅಂದರೆ ಎಫ್‌ಎಫ್‌ಟಿ ಎಲ್ಲ ಕೋರುಗಳ ನಡುವೆ ಡೇಟಾ ಓಡಾಡಿಸುವುದರಿಂದ ಸಾವಿರಾರು ಕೋರುಗಳಲ್ಲಿ ಈ ಲೆಕ್ಕದ ‘ಕೆ-ಸ್ಪೇಸ್’ ಸಾಲು ಉಳಿದೆಲ್ಲವನ್ನೂ ನುಂಗುತ್ತದೆ. ಕೂಲಂಬ್ (ಆವೇಶಗಳ ನಡುವಿನ) ಬಲದ ಕಟಾಫ್ ಸ್ವಲ್ಪ ಏರಿಸಿದರೆ ಗ್ರಿಡ್ ಒರಟಾಗಿ ಭಾರ ‘ಪೇರ್’ ಕಡೆಗೆ ವಾಲುತ್ತದೆ. 10ರಿಂದ 12, 14 ಆಂಗ್‌ಸ್ಟ್ರಾಂವರೆಗೆ ಒಂದೊಂದು ಸಾವಿರ ಸ್ಟೆಪ್ ಓಡಿಸಿ ಹೋಲಿಸಿ. ಫೋರ್ಸ್‌ಫೀಲ್ಡ್ (ಬಲಸೂತ್ರಗಳ ಸಿದ್ಧ ಗಣ) ನಿಗದಿ ಮಾಡಿದ ಲೆನಾರ್ಡ್-ಜೋನ್ಸ್ ಕಟಾಫನ್ನು ಮಾತ್ರ ಮುಟ್ಟಬೇಡಿ, ಕೂಲಂಬ್‌ನದನ್ನಷ್ಟೇ ಬದಲಿಸಿ.