ಡಿಎಸ್‌ಎಲ್‌ಆರ್ ಬೇಕಾ, ಕಾಂಪ್ಯಾಕ್ಟ್ ಸಾಕಾ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ನಿಕಾನ್ ಡಿ3500 ಮತ್ತು ಸೋನಿ ಆರ್‌ಎಕ್ಸ್100, ಈ ಎರಡೂ ಕ್ಯಾಮೆರಾಗಳು ಕೆಲವು ವರ್ಷಗಳಿಂದ ನನ್ನ ಬಳಿ ಇವೆ. ಮೊದಲನೆಯದು 2018ರಲ್ಲಿ ಬಂದ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಎರಡನೆಯದು 2012ರಲ್ಲಿ ಬಂದ, ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್. ಎರಡನ್ನೂ ಇವತ್ತಿಗೂ ಬಳಸುತ್ತೇನೆ. ಫೋಟೋಗ್ರಫಿ ಶುರು ಮಾಡಬೇಕು ಅನ್ನುವವರು ಯಾರೇ ಸಿಕ್ಕಿದರೂ ಕೇಳುವುದು ಒಂದೇ: ಎರಡರಲ್ಲಿ ಯಾವ ಜಾತಿಯ ಕ್ಯಾಮೆರಾ ತಗೋಬೇಕು?

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್ (ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಅಲ್ಲದೆ ಇನ್ನೊಂದು ಲೆನ್ಸ್ ಕೊಳ್ಳುತ್ತೀರಾ? ಖಂಡಿತ ಕೊಳ್ಳುತ್ತೇನೆ ಅಂದರೆ ಡಿಎಸ್‌ಎಲ್‌ಆರ್ ತಗೊಳ್ಳಿ. ಇಲ್ಲ, ಕಿಟ್ ಲೆನ್ಸ್ ಸಾಕು ಅಂದರೆ ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ಇರುವ ಕಾಂಪ್ಯಾಕ್ಟ್ ತಗೊಳ್ಳಿ. ಉಳಿದದ್ದೆಲ್ಲ ಇದರ ನಂತರ.

ಇದು ಹಲವರಿಗೆ ವಿಚಿತ್ರ ಅನ್ನಿಸುತ್ತದೆ. ಡಿಎಸ್‌ಎಲ್‌ಆರ್ ಅಂದಮೇಲೆ ಫೋಟೋ ಚೆನ್ನಾಗಿ ಬರಲೇಬೇಕು ಅಲ್ವಾ? ಸ್ವಲ್ಪ ಲೆಕ್ಕ ಹಾಕೋಣ. ಡಿ3500ರ ಸೆನ್ಸರ್ 23.5 × 15.6 ಮಿ.ಮೀ. ಆರ್‌ಎಕ್ಸ್100ರಲ್ಲಿರುವುದು ಒಂದು ಇಂಚು ಅಂತ ಕರೆಯುವ ಸೆನ್ಸರ್, ಅಳತೆ 13.2 × 8.8 ಮಿ.ಮೀ. ಅಂದರೆ ವಿಸ್ತೀರ್ಣದಲ್ಲಿ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು ಮೂರು ಪಟ್ಟು ದೊಡ್ಡದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಅನ್ನುವುದನ್ನು ಯಾರೂ ಜೊತೆಗೆ ಹೇಳುವುದಿಲ್ಲ. ಕಿಟ್ ಲೆನ್ಸಿನ ಅಪರ್ಚರ್ (ಬೆಳಕು ಒಳಗೆ ಬರುವ ರಂಧ್ರ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ) ಅದರ ಅತಿ ಅಗಲ ನೋಟವಾದ 18 ಮಿ.ಮೀ.ನಲ್ಲಿ ಎಫ್/3.5. ಆರ್‌ಎಕ್ಸ್100ರ ಲೆನ್ಸ್ ಅತಿ ಅಗಲ ನೋಟದಲ್ಲಿ ಎಫ್/1.8. ಈ ಎರಡು ಅಂಕಿಗಳ ನಡುವೆ ಬೆಳಕಿನ ವ್ಯತ್ಯಾಸ ಹತ್ತಿರ ಹತ್ತಿರ ನಾಲ್ಕು ಪಟ್ಟು. ಸೆನ್ಸರ್ ಮೂರನೇ ಒಂದು ಪಾಲು, ಬೆಳಕು ನಾಲ್ಕು ಪಟ್ಟು. ಅಲ್ಲಿಗೆ ಸರಿಹೋಯಿತು. ಮಂದ ಬೆಳಕಿನ ಕೋಣೆಯಲ್ಲಿ, ಅಗಲ ನೋಟದಲ್ಲಿ, ಎರಡರಲ್ಲೂ ತೆಗೆದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಯಾವುದು ಯಾವುದು ಅಂತ ಹೇಳುವುದೇ ಕಷ್ಟ.

ಝೂಮ್ ಮಾಡಿದಾಗ ಮಾತ್ರ ಕಥೆ ಬದಲಾಗುತ್ತದೆ. ಆರ್‌ಎಕ್ಸ್100ರ ಅಪರ್ಚರ್ ಬೇಗ ಬೇಗ ಕಿರಿದಾಗುತ್ತಾ ಹೋಗಿ, ಝೂಮಿನ ಕೊನೆಯಲ್ಲಿ ಎಫ್/4.9 ಆಗುತ್ತದೆ. ಕಿಟ್ ಲೆನ್ಸ್ 55 ಮಿ.ಮೀ.ನಲ್ಲಿ ಎಫ್/5.6. ಇಲ್ಲಿ ಡಿಎಸ್‌ಎಲ್‌ಆರ್ ಸೆನ್ಸರಿಗೆ ಒಟ್ಟಾರೆ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು ಸಿಗುತ್ತದೆ, ಮತ್ತು ಅದು ಫೋಟೋದಲ್ಲಿ ಕಾಣುತ್ತದೆ. ಆರ್‌ಎಕ್ಸ್100 ಸಾಲಿನ ಮೂರನೇ ಮಾದರಿ 2014ರಲ್ಲಿ ಬಂತು. ಅದರ ಲೆನ್ಸ್ ಝೂಮಿನ ಕೊನೆಯಲ್ಲೂ ಎಫ್/2.8 ಇರುವುದರಿಂದ ಈ ಕೊರತೆಯೂ ಬಹುಪಾಲು ತುಂಬಿಹೋಯಿತು. ಆದರೆ ಅದರ ಝೂಮ್ ಕಡಿಮೆ, ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 70 ಮಿ.ಮೀ.ಗೆ ಸಮನಾದಲ್ಲಿಗೆ ನಿಲ್ಲುತ್ತದೆ. ಮೊದಲ ಮಾದರಿ 100ರವರೆಗೆ ಹೋಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಕಾಂಪ್ಯಾಕ್ಟ್ ಅನ್ನುತ್ತಿರುವುದು ಒಂದು ಇಂಚು ಅಥವಾ ಅದಕ್ಕಿಂತ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಗಳಿಗೆ ಮಾತ್ರ. ಮಾರಾಟಕ್ಕಿರುವ ಹೆಚ್ಚಿನ ಸಣ್ಣ ಕ್ಯಾಮೆರಾಗಳಲ್ಲಿ 1/2.3 ಇಂಚು ಅನ್ನುವ ಸೆನ್ಸರ್ ಇರುತ್ತದೆ. ಅದರ ಅಳತೆ ಬರೀ 6.2 × 4.6 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಡಿ3500ರ ಸೆನ್ಸರ್ ಅದಕ್ಕಿಂತ ಸುಮಾರು 13 ಪಟ್ಟು ದೊಡ್ಡದು. ಪೆಟ್ಟಿಗೆಯ ಮೇಲೆ 20 ಮೆಗಾಪಿಕ್ಸೆಲ್, 30 ಪಟ್ಟು ಝೂಮ್ ಅಂತೆಲ್ಲ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಸೆನ್ಸರ್ ಅಳತೆ ಮಾತ್ರ ಒಳಗಿನ ಪುಸ್ತಕದ ಯಾವುದೋ ಮೂಲೆಯಲ್ಲಿ ಇರುತ್ತದೆ. ಮೊದಲು ಅದನ್ನೇ ಹುಡುಕಿ. ದೂರದ ಝೂಮ್ ನಿಜವಾಗಿಯೂ ಬೇಕಿಲ್ಲ ಅಂದರೆ ಅಂಥ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ. ಕೈಯಲ್ಲಿರುವ ಒಳ್ಳೆಯ ಫೋನ್ ಆ ಕೆಲಸ ಮಾಡುತ್ತದೆ.

ಇನ್ನು ಎರಡನೇ ಲೆನ್ಸಿನ ವಿಷಯ. ನನ್ನ ಡಿ3500ಕ್ಕೆ ಜೀವ ಬಂದದ್ದು 35 ಮಿ.ಮೀ. ಎಫ್/1.8 ಲೆನ್ಸ್ ಹಾಕಿದ ಮೇಲೆ. ಇದು ನಿಕಾನ್ 2009ರಲ್ಲಿ ತಂದ ಪುಟ್ಟ ಲೆನ್ಸ್, ತೂಕ ಸುಮಾರು 200 ಗ್ರಾಂ. ಝೂಮ್ ಇಲ್ಲ. ಹತ್ತಿರ ಬೇಕಾದರೆ ನಾವೇ ಎರಡು ಹೆಜ್ಜೆ ಮುಂದೆ ಹೋಗಬೇಕು. ಆದರೆ ಇದೇ ನೋಟದಲ್ಲಿ ಕಿಟ್ ಲೆನ್ಸ್ ಬಿಡುವ ಬೆಳಕಿನ ಸುಮಾರು ಆರು ಪಟ್ಟನ್ನು ಇದು ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್ಒ (ಬೆಳಕಿಗೆ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಒರಟಾಗುತ್ತದೆ) 6400ಕ್ಕೆ ಏರಿಸಬೇಕಾಗಿದ್ದ ಕಡೆ ಇದರಲ್ಲಿ 1000ದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಮಕ್ಕಳು ಮನೆಯೊಳಗೆ ಓಡಾಡುವಾಗ ತೆಗೆದ ಫೋಟೋ ಅಲ್ಲಾಡದೆ ಬರುತ್ತದೆ. ಮುಖ ಸ್ಪಷ್ಟವಾಗಿ, ಹಿಂದಿನ ಗೋಡೆ, ಕಪಾಟು, ಕಿಟಕಿ ಎಲ್ಲ ಮೆತ್ತಗೆ ಮಸುಕಾಗಿ ಬರುತ್ತವೆ. ಜನ 'ಡಿಎಸ್‌ಎಲ್‌ಆರ್ ಫೋಟೋ' ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇದನ್ನೇ. ಕಿಟ್ ಲೆನ್ಸಿನಿಂದ ಅದು ಬರಲಿಲ್ಲ ಅಂತ ಬೇಸರ ಮಾಡಿಕೊಂಡು ಕ್ಯಾಮೆರಾವನ್ನೇ ಕಪಾಟಿನಲ್ಲಿಟ್ಟವರನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ. ಕ್ಯಾಮೆರಾದಲ್ಲಿ ಕೊರತೆ ಏನೂ ಇರಲಿಲ್ಲ, ಅದಕ್ಕೆ ತಕ್ಕ ಲೆನ್ಸ್ ಸಿಕ್ಕಿರಲಿಲ್ಲ ಅಷ್ಟೇ.

ಮಸುಕು ಎಷ್ಟು ಬರುತ್ತದೆ ಅನ್ನುವುದಕ್ಕೆ ಒಂದು ಸುಲಭದ ಅಂದಾಜು ಇದೆ. ಲೆನ್ಸಿನ ಮಿ.ಮೀ. ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬರುವುದು ಬೆಳಕು ಒಳಗೆ ಹೋಗುವ ರಂಧ್ರದ ಅಗಲ. 35ನ್ನು 1.8ರಿಂದ ಭಾಗಿಸಿದರೆ 19 ಮಿ.ಮೀ. ಚಿಲ್ಲರೆ. ಆರ್‌ಎಕ್ಸ್100 ಪೂರ್ತಿ ಝೂಮ್ ಮಾಡಿದಾಗ ಅದರ ನಿಜವಾದ ಫೋಕಲ್ ಲೆಂಗ್ತ್, ಅಂದರೆ ಲೆನ್ಸಿನ ಮಿ.ಮೀ., ಸುಮಾರು 37 (ಮೇಲೆ ಹೇಳಿದ 100 ಫಿಲ್ಮ್ ಕ್ಯಾಮೆರಾದ ಲೆಕ್ಕ). ಅದನ್ನು 4.9ರಿಂದ ಭಾಗಿಸಿದರೆ ಎಂಟೂ ಆಗುವುದಿಲ್ಲ. ಅದರಲ್ಲಿ ಹಿನ್ನೆಲೆ ಕರಗುವುದಿಲ್ಲ ಯಾಕೆ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಹಕ್ಕಿ, ಆಟದ ಮೈದಾನ ಇಂಥವುಗಳಲ್ಲಿ ಆಸಕ್ತಿ ಇದ್ದರೆ 70-300 ಲೆನ್ಸ್ ಹಾಕಿಕೊಳ್ಳಬಹುದು. ಅದರ ಎಎಫ್-ಪಿ (ಲೆನ್ಸಿನೊಳಗೇ ಫೋಕಸ್ ಮೋಟರ್ ಇರುವ) ಮಾದರಿ ಹಗುರ, ಫೋಕಸ್ ಸದ್ದಿಲ್ಲದೆ ಥಟ್ ಅಂತ ಆಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಖುಷಿ ಕೊಡುತ್ತದೆ, ಮೋಡ ಕವಿದರೆ ಕಷ್ಟ.

ಲೆನ್ಸ್ ಬಿಟ್ಟರೆ ಡಿಎಸ್‌ಎಲ್‌ಆರ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ. ಕನ್ನಡಿಯ ಮೂಲಕ ಲೆನ್ಸ್ ನೋಡುತ್ತಿರುವುದನ್ನೇ ನೇರವಾಗಿ ನೋಡುತ್ತೀರಿ. ನಡುವೆ ಪರದೆ ಇಲ್ಲ, ತಡ ಇಲ್ಲ. ಸುಡುವ ಬಿಸಿಲಿನಲ್ಲೂ ಸ್ಪಷ್ಟ. ಕ್ಯಾಮೆರಾ ಆನ್ ಮಾಡಿ ಕಣ್ಣಿಗೆ ಹಿಡಿದು ಬಟನ್ ಒತ್ತಿದರೆ ಆ ಕ್ಷಣದ್ದೇ ಫೋಟೋ. ಡಿ3500ರಲ್ಲಿ ಫೋಕಸ್ ಬಿಂದುಗಳು ಬರೀ 11. ಈಗಿನ ಕಾಲಕ್ಕೆ ಕಡಿಮೆಯೇ. ಆದರೂ ನಡುವಿನ ಬಿಂದುವನ್ನು ನಂಬಿ ತೆಗೆದರೆ ಓಡುವ ನಾಯಿಯೂ ಸಿಗುತ್ತದೆ. ಇನ್ನೊಂದು ಮಾತು: ಹಿಂದಿನ ಪರದೆ ನೋಡಿಕೊಂಡು ತೆಗೆಯುವ ಲೈವ್ ವ್ಯೂನಲ್ಲಿ ಇದೇ ಕ್ಯಾಮೆರಾ ನಿಧಾನ. ಕನ್ನಡಿ ಮೇಲೆ ಹೋದಾಗ ವೇಗದ ಫೋಕಸ್ ಸೆನ್ಸರಿಗೆ ಬೆಳಕು ತಲುಪುವುದಿಲ್ಲ, ಆದ್ದರಿಂದ ಬೇರೆ ವಿಧಾನದಲ್ಲಿ ಹುಡುಕಾಡಿ ಫೋಕಸ್ ಮಾಡುತ್ತದೆ. ಫೋನಿನ ಹಾಗೆ ಪರದೆ ನೋಡಿಯೇ ಫೋಟೋ ತೆಗೆಯುವ ಅಭ್ಯಾಸ ಬಿಡಲಾಗದವರಿಗೆ ಡಿಎಸ್‌ಎಲ್‌ಆರ್‌ನ ಅರ್ಧ ಲಾಭ ಸಿಗುವುದೇ ಇಲ್ಲ. ಆರ್‌ಎಕ್ಸ್100ರ ಮೊದಲ ಮಾದರಿಯಲ್ಲಿ ವ್ಯೂಫೈಂಡರ್ ಇಲ್ಲ, ಮಟಮಟ ಮಧ್ಯಾಹ್ನ ಪರದೆ ಕಾಣಲು ಕೈ ಅಡ್ಡ ಹಿಡಿಯಬೇಕು. ನಾನು ಹೇಳಿದ ಮೂರನೇ ಮಾದರಿಯಲ್ಲಿ ಮೇಲಕ್ಕೆ ಬರುವ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕೊಟ್ಟಿದ್ದಾರೆ.

ಕಾಂಪ್ಯಾಕ್ಟ್ ಗೆಲ್ಲುವ ಜಾಗಗಳೂ ಇವೆ, ಮತ್ತು ಅವು ಸಣ್ಣವಲ್ಲ. ಅದರ ಶಟರ್, ಅಂದರೆ ಕ್ಷಣಕಾಲ ತೆರೆದು ಬೆಳಕು ಬಿಡುವ ಬಾಗಿಲು, ಲೆನ್ಸಿನ ಒಳಗೇ ಇದೆ. ಸದ್ದು ಇಲ್ಲವೇ ಇಲ್ಲ ಅನ್ನಬಹುದು. ಮಲಗಿರುವ ಮಗು, ಸಂಗೀತ ಕಛೇರಿ, ಇಂಥ ಕಡೆ ಡಿಎಸ್‌ಎಲ್‌ಆರ್‌ನ ಕನ್ನಡಿ ಟಪ್ ಅಂತ ಬಡಿಯುವುದು ಕೇಳಿಸುತ್ತದೆ, ಇದು ಕೇಳಿಸುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ ಫ್ಲ್ಯಾಶ್ ಬಳಸುವಾಗ. ಡಿ3500ರಲ್ಲಿ ಅದರದೇ ಫ್ಲ್ಯಾಶ್ ಹಾಕಿದರೆ ಶಟರ್ ವೇಗ 1/200 ಸೆಕೆಂಡ್ ದಾಟುವುದಿಲ್ಲ. ಕಾಂಪ್ಯಾಕ್ಟ್‌ನಲ್ಲಿ ಆ ಕಟ್ಟು ಇಲ್ಲ, ಶಟರ್ ಇನ್ನೂ ವೇಗವಾಗಿ ಓಡಿಸಿ ಬಿಸಿಲಿನ ಬೆಳಕನ್ನು ಕಡಿಮೆ ಮಾಡಬಹುದು. ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖದ ನೆರಳು ತೆಗೆಯಲು ಸ್ವಲ್ಪ ಫ್ಲ್ಯಾಶ್ ಬೇಕಾದಾಗ ನಾನು ಜೇಬಿನ ಕ್ಯಾಮೆರಾವನ್ನೇ ತೆಗೆಯುತ್ತೇನೆ. ಆಕಾಶ ಬಿಳಿಚಿಕೊಳ್ಳುವುದಿಲ್ಲ, ಮುಖವೂ ಕಾಣುತ್ತದೆ. ಆ ಪುಟ್ಟ ಫ್ಲ್ಯಾಶನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿ ಹಿಡಿದರೆ ಬೆಳಕು ಚಾವಣಿಗೆ ಬಡಿದು ಮೃದುವಾಗಿ ಇಳಿಯುತ್ತದೆ. ಡಿ3500ರ ಫ್ಲ್ಯಾಶ್ ಹೀಗೆ ಬಾಗುವುದಿಲ್ಲ. ಹೂವು, ಎಲೆ, ಪುಟ್ಟ ವಸ್ತುಗಳಿಗೂ ಕಾಂಪ್ಯಾಕ್ಟೇ ಅನುಕೂಲ. ಅಗಲ ನೋಟದಲ್ಲಿ 5 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು. ಕಿಟ್ ಲೆನ್ಸಿಗೆ 25 ಸೆಂ.ಮೀ. ಬೇಕು. ಅಷ್ಟು ಹತ್ತಿರ ಹೋದಾಗ ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಆದ್ದರಿಂದ ಬೆಳಕು ಪಕ್ಕದಿಂದ ಬರುವಂತೆ ನಿಂತುಕೊಳ್ಳಿ.

ತೂಕ ನೋಡಿ. ಬ್ಯಾಟರಿ, ಕಾರ್ಡ್ ಸೇರಿ ಡಿ3500 415 ಗ್ರಾಂ, ಕಿಟ್ ಲೆನ್ಸ್ 205 ಗ್ರಾಂ. ಒಟ್ಟು 620. ಡಿಎಸ್‌ಎಲ್‌ಆರ್‌ಗಳಲ್ಲಿ ಇದು ತುಂಬಾ ಹಗುರ. ಆರ್‌ಎಕ್ಸ್100 240 ಗ್ರಾಂ. ಆದರೆ ಗ್ರಾಂ ಲೆಕ್ಕಕ್ಕಿಂತ ಆಕಾರವೇ ಮುಖ್ಯ. ಡಿಎಸ್‌ಎಲ್‌ಆರ್‌ಗೆ ಒಂದು ಚೀಲ ಬೇಕು, ಚೀಲ ಬೇಕು ಅಂದರೆ ಮನೆಯಿಂದ ಹೊರಡುವಾಗಲೇ ಇವತ್ತು ಫೋಟೋ ತೆಗೆಯುತ್ತೇನೆ ಅಂತ ತೀರ್ಮಾನ ಮಾಡಿರಬೇಕು. ಕಾಂಪ್ಯಾಕ್ಟ್‌ಗೆ ಅಂಥ ತೀರ್ಮಾನ ಬೇಕಿಲ್ಲ, ಸುಮ್ನೆ ಜೇಬಿನಲ್ಲಿ ಇರುತ್ತದೆ. ನನ್ನ ಮನೆಯವರ ಫೋಟೋಗಳಲ್ಲಿ ನನಗೆ ಹೆಚ್ಚು ಪ್ರಿಯವಾದ ಹಲವು ಇದರಲ್ಲೇ ತೆಗೆದವು. ತಾಂತ್ರಿಕವಾಗಿ ಅತ್ಯುತ್ತಮವಾದವು ಮಾತ್ರ ಡಿಎಸ್‌ಎಲ್‌ಆರ್ ಮತ್ತು 35ರ ಜೋಡಿಯವು. ಎರಡನ್ನೂ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ.

ಬ್ಯಾಟರಿಯಲ್ಲಿ ಹೋಲಿಕೆಯೇ ಇಲ್ಲ. ಕಂಪನಿಗಳು ಕೊಡುವ ಲೆಕ್ಕದಲ್ಲಿ ಡಿ3500ಗೆ 1,550 ಫೋಟೋ, ಆರ್‌ಎಕ್ಸ್100ಗೆ 330. ಪ್ರವಾಸಕ್ಕೆ ಹೋದಾಗ ಡಿಎಸ್‌ಎಲ್‌ಆರ್‌ನ ಚಾರ್ಜರ್ ಮರೆತರೂ ನಡೆಯುತ್ತದೆ. ಕಾಂಪ್ಯಾಕ್ಟ್‌ಗೆ ಒಂದು ಹೆಚ್ಚುವರಿ ಬ್ಯಾಟರಿ ಇರಲೇಬೇಕು. ಅದರ ಬ್ಯಾಟರಿಯನ್ನು ಯುಎಸ್‌ಬಿಯಿಂದ ಚಾರ್ಜ್ ಮಾಡಬಹುದು ಅನ್ನುವುದು ಸಮಾಧಾನ.

ವಿಡಿಯೋ ಮುಖ್ಯ ಅನ್ನುವವರು ಈ ಎರಡನ್ನೂ ಬಿಟ್ಟು ಬೇರೆ ನೋಡಿ. ಎರಡರಲ್ಲೂ ಹೊರಗಿನ ಮೈಕ್ ಹಾಕುವ ಜಾಗ ಇಲ್ಲ, 4ಕೆ ಇಲ್ಲ.

ಬಾಳಿಕೆಯ ಬಗ್ಗೆ ಒಂದೆರಡು ಮಾತು. ಹೆಚ್ಚಿನ ಕಾಂಪ್ಯಾಕ್ಟ್‌ಗಳಲ್ಲಿ ಆನ್ ಮಾಡಿದಾಗ ಲೆನ್ಸ್ ಹೊರಗೆ ಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಹಾಗೆ ಹೋಗಿಬರುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳಬಹುದು. ಒಳಗೆ ಸೆನ್ಸರ್ ಮೇಲೆ ಕೂತ ದೂಳನ್ನು ನಾವು ತೆಗೆಯಲು ಆಗುವುದಿಲ್ಲ, ಬಿಚ್ಚಿಸಬೇಕು. ಮರಳಿದ್ದ ಕಡೆ ಆನ್ ಮಾಡಲೇಬೇಡಿ, ಜೇಬಿನಲ್ಲಿ ಇಡುವಾಗ ತೆಳ್ಳಗಿನ ಕವರ್ ಹಾಕಿ. ಡಿಎಸ್‌ಎಲ್‌ಆರ್‌ನಲ್ಲೂ ಲೆನ್ಸ್ ಬದಲಿಸುವಾಗ ದೂಳು ಬೀಳುತ್ತದೆ. ಆದರೆ ಕನ್ನಡಿಯನ್ನು ಮೇಲಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನು ಬೋರಲು ಹಿಡಿದು, ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿದರೆ ಹೆಚ್ಚಿನದು ಹೋಗಿಬಿಡುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಕ್ಯಾಮೆರಾ ಕಂಪನಿಗಳು ಈಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೋಗಿವೆ. ಡಿ3500 ಈಗ ತಯಾರಾಗುತ್ತಿಲ್ಲ. ಆದ್ದರಿಂದ ಇದನ್ನು ಸೆಕೆಂಡ್ ಹ್ಯಾಂಡ್ ಆಗಿಯೇ ಕೊಳ್ಳಬೇಕಾಗಬಹುದು. ಹೊಸಬರಿಗೆ ಅದು ಒಳ್ಳೆಯದೇ, ಹಳೆಯ ಲೆನ್ಸುಗಳು ಧಾರಾಳವಾಗಿ ಸಿಗುತ್ತವೆ, ಉಳಿದ ಹಣಕ್ಕೆ ಆ ಎರಡನೇ ಲೆನ್ಸ್ ಬರುತ್ತದೆ. ಕೊಳ್ಳುವ ಮುಂಚೆ ಶಟರ್ ಎಷ್ಟು ಬಾರಿ ಓಡಿದೆ ಅಂತ ನೋಡಿ. ಈ ದರ್ಜೆಯ ಕ್ಯಾಮೆರಾಗಳ ಶಟರನ್ನು ಸಾಮಾನ್ಯವಾಗಿ 1,00,000 ಬಾರಿಯ ಲೆಕ್ಕದಲ್ಲಿ ಪರೀಕ್ಷಿಸಿರುತ್ತಾರೆ. ಎಫ್/16 ಇಟ್ಟು ಬಿಳಿ ಗೋಡೆಯ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರ್ ಮೇಲಿನ ದೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಲೆನ್ಸ್ ಮೇಲೆ ವಿಆರ್ ಅಂತ ಬರೆದಿದೆಯಾ ನೋಡಿ. 18-55ರ ಎಎಫ್-ಪಿ ಲೆನ್ಸು ಅದು ಇರುವುದೂ ಸಿಗುತ್ತದೆ, ಇಲ್ಲದಿರುವುದೂ ಸಿಗುತ್ತದೆ. ಕೈ ನಡುಕದಿಂದ ಫೋಟೋ ಅಲ್ಲಾಡದ ಹಾಗೆ ನೋಡಿಕೊಳ್ಳುವುದು ಅದೇ, ಇಲ್ಲದ್ದನ್ನು ತಗೋಬೇಡಿ. ಕೊನೆಯದಾಗಿ, ಡಿ3500ರ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸುಗಳು ಕೂರುತ್ತವೆ, ಫೋಟೋವನ್ನೂ ತೆಗೆಯುತ್ತವೆ, ಆದರೆ ಫೋಕಸನ್ನು ಕೈಯಿಂದಲೇ ತಿರುಗಿಸಿ ಮಾಡಬೇಕು. ಆಟೋಫೋಕಸ್ ಬೇಕಿದ್ದರೆ ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರುವುದನ್ನೇ ತಗೊಳ್ಳಿ.