ಒಂದೂವರೆ ವರ್ಷ ಬಳಸಿದ ಮೆಂಟರಿಂಗ್ ಆ್ಯಪ್: ಐದಕ್ಕೆ ಮೂರು ಸ್ಟಾರ್

ಬಳ್ಳಾರಿಯಲ್ಲಿ ನಮ್ಮದು ಎಂಟು ಮಷಿನ್‌ಗಳ ಜೀನ್ಸ್ ಹೊಲಿಗೆ ಘಟಕ. ಸಣ್ಣ ಉದ್ದಿಮೆಯವರಿಗೆ ಅನುಭವಸ್ಥರನ್ನು ಜೋಡಿಸಿಕೊಡುವ ಈ ಆ್ಯಪ್‌ಗೆ 2024ರ ಏಪ್ರಿಲ್‌ನಲ್ಲಿ ದುಡ್ಡು ಕಟ್ಟಿದೆ. ಜೋಡಿ ಮಾತ್ರ ಚೆನ್ನಾಗಿ ಹಾಕಿದರು: ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ನೋಡಿಕೊಂಡು ನಿವೃತ್ತರಾದ ಸರ್.

ಮೊದಲ ನಾಲ್ಕು ತಿಂಗಳು ದಂಡ. ಹದಿನೈದು ದಿನಕ್ಕೊಂದು ಕಾಲ್, ಆ್ಯಪ್ ಕೊಟ್ಟ ಪ್ರಶ್ನೆಗಳು. ‘ಐದು ವರ್ಷದ ಗುರಿ ಏನು?’ ನಾನು ಏನೋ ಒದರೋದು, ಅವರು ‘ಹೂಂ, ಒಳ್ಳೇದು’ ಅನ್ನೋದು. ಜುಲೈನಲ್ಲಿ ಅವರೇ ಎರಡು ಕಾಲ್ ಮುಂದೂಡಿದರು. ನನಗೂ ಒಳಗೊಳಗೆ ಖುಷಿಯೇ. ರಿಮೈಂಡರ್‌ಗಳಿಗೇನೂ ಬರವಿರಲಿಲ್ಲ, ಮಾತಿಗೇ ಬರ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಮರುದಿನ ಸರ್ ತಾವಾಗಿ ಫೋನ್ ಮಾಡಿದರು. ಸಿರುಗುಪ್ಪದ ಹತ್ತಿರ ಅಪ್ಪನ ಭತ್ತದ ಗದ್ದೆಗೆ ಕಾಲುವೆ ನೀರೇ ಗತಿ ಅಂದೆ. ಆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸುವ ತನಕ, ಒಂದು ವಾರ, ದಿನಾ ಫೋನು. ಕೇಳುವವರು ಅವರು, ಹೇಳುವವನು ನಾನು.

ಆಮೇಲೆ ಗುರಿ-ಗಿರಿ ಬಿಟ್ಟು, ಕೆಟ್ಟ ಪ್ಯಾಂಟನ್ನೇ ಅವರಿಗೆ ಕೊರಿಯರ್ ಮಾಡಿದೆ. ವಾಷಿಂಗ್‌ನಿಂದ ಬರುವಾಗ ಬಲಗಾಲಿನ ಹೊರಹೊಲಿಗೆ ತಿರುಚಿಕೊಂಡು ಮೊಣಕಾಲ ಮುಂದಕ್ಕೆ ಬಂದಿತ್ತು. ವಿಡಿಯೊ ಕಾಲ್‌ನಲ್ಲಿ ಸರ್ ಅದನ್ನು ಊಟದ ಟೇಬಲ್ ಮೇಲೆ ಹಾಸಿ, ಮೊಮ್ಮಗನ ಸ್ಕೇಲ್ ಇಟ್ಟು ಅಳೆದರು. ‘ಡೆನಿಮ್ ಓರೆ ನೇಯ್ಗೆಯಪ್ಪಾ, ನೀರಿಗೆ ಬಿದ್ದರೆ ತಿರುಗುತ್ತೆ. ಪ್ಯಾಟರ್ನನ್ನ ಎಳೆಗೆ ನೇರ ಕೂರಿಸಿದ್ಯಾ?’ ಕೂರಿಸಿರಲಿಲ್ಲ. ‘ಅರಿವಿ ಉಳೀತೈತಿ ಅಣ್ಣ’ ಅಂತ ನಮ್ಮ ಕಟಿಂಗ್ ಮಾಸ್ಟರ್ ಚೂರು ವಾಲಿಸಿ ಹಾಕುತ್ತಿದ್ದ, ನಾನೂ ಸುಮ್ಮನಿದ್ದೆ. ರಾತ್ರಿ ಹತ್ತೂವರೆಗೆ ಸರ್ ಮತ್ತೆ ಫೋನ್: ‘ಅದೇ ರೋಲ್‌ನಿಂದ ಒಂದು ಮೀಟರ್ ಕತ್ತರಿಸಿ ತೊಳೆಸು, ಎಷ್ಟು ತಿರುಗಿತು ಅಂತ ಹೇಳು.’ ಈಗ ಪ್ರತಿ ರೋಲ್‌ನ ಅಳತೆ ಕಳಿಸುತ್ತೇನೆ. ಎರಡು ದಿನ ತಡವಾದರೆ ‘ಎಲ್ಲಿ ಲೆಕ್ಕ?’ ಅಂತ ಅವರದೇ ಮೆಸೇಜು.

ಆ್ಯಪ್ ಇದ್ಯಾವುದನ್ನೂ ಎಣಿಸುವುದಿಲ್ಲ, ಅದರೊಳಗಿನ ಕಾಲ್ ಮಾತ್ರ ಲೆಕ್ಕ. ಕಲಿಯುವವನಿಗೆ ಬ್ಯಾಡ್ಜು, ಸರ್ಟಿಫಿಕೇಟು ಎಲ್ಲಾ ಉಂಟು. ಕಲಿಸುವವರಿಗೆ ಏನಿದೆ ಅಂತ ಹುಡುಕಿದೆ, ಬರೀ ಥ್ಯಾಂಕ್ಸ್ ಕಾರ್ಡ್. ಜೋಡಿ ಸಿಗುವುದಕ್ಕೆ ಆರು ತಿಂಗಳ ಪ್ಲಾನ್ ಸಾಕು, ವರ್ಷದ್ದು ತೆಗೆದುಕೊಳ್ಳಬೇಡಿ.

ಹೋದ ವಾರ ಇಬ್ಬರಿಗೂ ನೋಟಿಫಿಕೇಶನ್ ಬಂತು: ‘ನಿಮ್ಮ ಜೋಡಿ ನಿಷ್ಕ್ರಿಯವಾಗಿದೆ, ಬೇರೆ ಮೆಂಟರ್ ಬೇಕೇ?’ ಸರ್ ಅದರ ಸ್ಕ್ರೀನ್‌ಶಾಟ್ ಕಳಿಸಿ ಕೆಳಗೆ ಬರೆದಿದ್ದರು: ‘ಏನಪ್ಪಾ, ಬಿಟ್ಟುಬಿಡ್ತೀಯಾ ನನ್ನ? ಮೊದಲು ನಿನ್ನೆ ಬಂದ ರೋಲ್‌ನ ಅಳತೆ ಕಳಿಸು.’