ಕರಾವಳಿ ಕಬಡ್ಡಿ ಕ್ಲಬ್ಬಿಗೆ ಟ್ರೈನರ್ ಆಗಿ ಹೋಗೋರು ಬಾಯಿಮಾತಿಗೆ ಒಪ್ಕೋಬೇಡಿ

ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಮಳೆಗಾಲ ಮುಗೀತಿದ್ದ ಹಾಗೆ ಹೊನಲು ಬೆಳಕಿನ ಕಬಡ್ಡಿ ಶುರುವಾಗ್ತದೆ, ಆಗ ಕ್ಲಬ್ಬಿನವ್ರು ನಮ್ಮಂಥ ಫಿಸಿಯೋ ಓದಿದವ್ರನ್ನ ಹುಡ್ಕೊಂಡು ಬರ್ತಾರೆ, "ನಮ್ಮ ಹುಡುಗ್ರನ್ನ ನೋಡ್ಕೊಳ್ಳಿ ಸರ್, ದುಡ್ಡಿನ ಬಗ್ಗೆ ಎಂತಾ ಯೋಚ್ನೆ ಬೇಡ" ಅಂತ. ಹಾಗೆ ಕರೆದ ಒಂದು ಕ್ಲಬ್ಬಿಗೆ ಟ್ರೈನರ್ ಆಗಿ ಹೋದ ನಂಗೆ ಅರ್ಧ ದುಡ್ಡು ಇನ್ನೂ ಬಂದಿಲ್ಲ, ಪ್ರೈಜ್ ಬಂದ್ಮೇಲೆ ಕೊಡ್ತೇವೆ ಅಂದವ್ರು ಈಗ ಫೋನೇ ಎತ್ತೂದಿಲ್ಲ. ಅದು ಹೋಗ್ಲಿ, ನಂಗೆ ಸಂಕಟ ಆಗಿದ್ದು ಬೇರೆ ವಿಷಯಕ್ಕೆ.

ಸೆಮಿಫೈನಲ್ ಶುರುವಾಗಿದ್ದೇ ನಡುರಾತ್ರಿ ಮೇಲೆ. ನಮ್ಮ ರೈಡರ್ ಬೋನಸ್‌ಗೆ ಕಾಲಿಟ್ಟು ತಿರುಗೋವಾಗ ಎದುರು ಟೀಮಿನ ಕಾರ್ನರ್‌ನವ ಪಾದದ ಗಂಟು (ಆಂಕಲ್) ಹಿಡಿದ, ಹುಡುಗನ ಮೊಣಕಾಲು ತಿರುಚ್ತು, ಒಳಗೆ ಟಕ್ ಅಂತು ಸರ್ ಅಂದ. ಮೊಣಕಾಲಲ್ಲಿ ಹಾಗೆ ಶಬ್ದ ಆಗಿ, ಸ್ವಲ್ಪ ಹೊತ್ತಲ್ಲೇ ಊದ್ಕೊಂಡು, ಕಾಲೂರಿದ್ರೆ ಜಾರಿದ ಹಾಗಾದ್ರೆ ಎಸಿಎಲ್, ಅಂದ್ರೆ ಮೊಣಕಾಲೊಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟು, ಹರಿದಿರೋ ಸಾಧ್ಯತೆ ಜಾಸ್ತಿ, ಇವನನ್ನ ಇಳಿಸೋದು ಬೇಡ ಅಂತ ಎಲ್ಲರೆದುರೇ ಹೇಳ್ದೆ. ಮ್ಯಾನೇಜರ್ರು "ಎಂತಾ ಆಗುದಿಲ್ಲ ಮಾರಾಯ್ರೇ, ಸ್ಪ್ರೇ ಹೊಡ್ದು ಟೇಪ್ ಸುತ್ತಿ, ಎರಡೇ ರೈಡು" ಅಂದ್ರು. ಆ ಸ್ಪ್ರೇ ಚರ್ಮ ಮರಗಟ್ಟಿಸ್ತದೆ ಅಷ್ಟೇ, ಹರಿದ ಲಿಗಮೆಂಟಿಗೆ ಅದು ಏನೂ ಮಾಡಲ್ಲ, ನೋವು ಗೊತ್ತಾಗ್ದೇ ಹುಡುಗ ಅದೇ ಕಾಲ ಮೇಲೆ ಪೂರ್ತಿ ಭಾರ ಹಾಕ್ತಾನೆ, ಆಗ ಮೊಣಕಾಲೊಳಗೆ ಮೆತ್ತೆ ಹಾಗಿರೋ ಮೆನಿಸ್ಕಸ್ಸೂ ಹರೀಬಹುದು. ಇಷ್ಟೆಲ್ಲ ಹೇಳಿ ನಾನು ಮೀನಿನ ಥರ್ಮಾಕೋಲ್ ಬಾಕ್ಸಿಂದ ಐಸ್ ತೆಗ್ದು ಬಟ್ಟೇಲಿ ಸುತ್ಕೊಂಡು ಬರೋದ್ರೊಳಗೆ ನನ್ನ ಬ್ಯಾಗಿಂದ್ಲೇ ಸ್ಪ್ರೇ ತೆಗ್ದು ಹೊಡ್ದು ಅವನನ್ನ ಮ್ಯಾಟಿಗೆ ಇಳಿಸಿಯಾಗಿತ್ತು. ಆಮೇಲೆ ಬಿದ್ದವ್ನು ಏಳ್ಲೇ ಇಲ್ಲ.

ಅಲ್ಲಿ ಒಂದು ಗಾಡಿ ಕೂಡ ತಯಾರಿರ್ಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ಕಾಲದಿಂದ ಕೂಗ್ತಿದ್ದಾರೆ, ದೊಡ್ಡದೇನಾದ್ರೂ ಆದ್ರೆ ಮಣಿಪಾಲ, ಮಂಗ್ಳೂರು, ಹುಬ್ಬಳ್ಳಿ, ಇಲ್ಲಾ ಗೋವಾ ಅಂತ ಓಡ್ಬೇಕು, ಇದು ಗೊತ್ತಿದ್ದೂ ಲೈಟಿಗೆ, ಡಿಜೆಗೆ, ಬ್ಯಾನರ್ರಿಗೆ ಸುರಿಯೋ ದುಡ್ಡಲ್ಲಿ ಒಂದು ಆಂಬುಲೆನ್ಸ್ ನಿಲ್ಸೋಕೆ ಆಗಲ್ವಾ? ಎಂಆರ್‌ಐಲಿ ಎಸಿಎಲ್, ಮೆನಿಸ್ಕಸ್ ಎರಡೂ ಹರಿದಿರೋದು ಬಂತು. ಆಪರೇಷನ್ ಆದ್ರೂ ಮತ್ತೆ ಆಡೋಕೆ ಕಡಿಮೆ ಅಂದ್ರೂ 9 ತಿಂಗಳು ಬೇಕು, ಅಪ್ಪ ಬೋಟಿಗೆ ಹೋಗೋರು, ಖರ್ಚು ನಾವೇ ನೋಡ್ಕೊಳ್ತೇವೆ ಅಂದಿದ್ದ ಕ್ಲಬ್ಬು ಈಗ ಸುಮ್ನಿದೆ. ಅಷ್ಟೇ ಅಲ್ಲ, "ಟ್ರೈನರ್ರೇ ಫಿಟ್ ಅಂದಿದ್ರು" ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರು. ನಾನು ಬೇಡ ಅಂದಿದ್ದು ಎಲ್ರೂ ಕೇಳಿದ್ರು, ಒಬ್ರೂ ಬಾಯಿ ಬಿಡ್ಲಿಲ್ಲ.

ಅದ್ಕೇ ಹೇಳೋದು, ಸಂಬಳದ ಮಾತಿಗಿಂತ ಮೊದ್ಲು ಗಾಯ ಆದ ಆಟಗಾರನನ್ನ ಆಡಿಸೋದೋ ಬೇಡ್ವೋ ಅನ್ನೋ ಕೊನೇ ಮಾತು ಟ್ರೈನರ್‌ದ್ದು ಅಂತ ಕಾಗದದ ಮೇಲೆ ಬರೆಸ್ಕೊಂಡು ಅಧ್ಯಕ್ಷರ ಸಹಿ ಹಾಕಿಸ್ಕೊಳ್ಳಿ. ಬರ್ದುಕೊಡಲ್ಲ ಅಂದ್ರೆ ಹೋಗ್ಲೇಬೇಡಿ. ಮ್ಯಾಚ್ ನಡೀತಿರುವಾಗ್ಲೇ "ಇಂಥವನನ್ನ ಆಡಿಸ್ಬೇಡಿ" ಅಂತ ಗ್ರೂಪಿಗೆ ಮೆಸೇಜ್ ಹಾಕಿ, ಟೈಮ್ ಸಮೇತ ಉಳೀತದೆ. ಬ್ಯಾಗ್ ಯಾರ ಕೈಗೂ ಬಿಡ್ಬೇಡಿ, ಯಾರೇ ಒತ್ತಾಯ ಮಾಡಿದ್ರೂ ಇಂಜೆಕ್ಷನ್ ಕೊಡೋಕೆ ಹೋಗ್ಬೇಡಿ, ಅದು ಡಾಕ್ಟರ್ ಕೆಲ್ಸ. ಎಲ್ಲಾ ಹುಡುಗ್ರ ಮನೆಯವ್ರ ನಂಬರು ಮೊದ್ಲೇ ತಗೊಳ್ಳಿ. ತಲೆಗೆ ಪೆಟ್ಟಾಗಿ ಮಂಕಾದವ್ನನ್ನಂತೂ ಆ ದಿನ ಮತ್ತೆ ಇಳಿಸಲೇಬಾರ್ದು, ವಾಂತಿ ಅಥವಾ ತೂಕಡಿಕೆ ಕಂಡ್ರೆ ಫೈನಲ್ ಇರ್ಲಿ ಏನೇ ಇರ್ಲಿ, ತಕ್ಷಣ 108ಕ್ಕೆ ಫೋನ್ ಮಾಡಿ.